ಬದನಿಕೆಯ ಬಂಧುಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆ ಎಂದೊಡನೆ ತೆಂಗು, ಉಂಡೆಕೊಬ್ಬರಿಗಳೇ ನೆನಪಿಗೆ ಬರುತ್ತವೆ. ಆದರೆ ಹಕ್ಕಿಗಳನ್ನು ಕಾಣಬಯಸುವವರು ತೋಟದ ನಡುವಿಗಿಂತ ಅದರ ಅಂಚಿಗೆ ಬರಬೇಕು. ಬೇಲಿಸಾಲಿನ ಹೊಂಗೆ, ಬೇವು, ಮಾವುಗಳ ಕೊಂಬೆಯಲ್ಲಿ ಬೇರೊಂದು ಬಗೆಯ ಎಲೆಗಳ ಪೊದೆ ಕಂಡರೆ ಅದು ಬದನಿಕೆ. ನೆಲದಲ್ಲಿ ಬೇರೂರದೆ, ಆಶ್ರಯವಿತ್ತ ಮರದ ನೀರನ್ನೂ ಲವಣವನ್ನೂ ಹೀರುವ ಈ ಗಿಡದ ಹೆಸರು ನಮ್ಮಲ್ಲಿ ಬೈಗುಳಕ್ಕೆ ಸಮೀಪದ್ದು.

ಅದರ ಕಿತ್ತಳೆಗೆಂಪಿನ ಕೊಳವೆ ಹೂಗಳಿಗೆ ಸೂರಕ್ಕಿ ಬರುವುದನ್ನು ನಿಂತು ನೋಡಿ. ಮಕರಂದಕ್ಕೆಂದು ಬಾಗಿದ ಕೊಕ್ಕನ್ನು ಇಳಿಸಿದಾಗ ಪರಾಗವು ತಲೆಗಂಟಿ ಮುಂದಿನ ಹೂವಿಗೆ ಸಾಗುತ್ತದೆ. ಹಣ್ಣಾದ ಮೇಲೆ ಸರದಿ ಬದನಿಕೆ ಹಕ್ಕಿಯದು. ಹೆಸರೇ ನಂಟನ್ನು ಸಾರುತ್ತದೆ. ಎಂಟು ಸೆಂಟಿಮೀಟರು ಉದ್ದದ, ಮಾಸಲು ಬಣ್ಣದ ಈ ಪುಟ್ಟ ಜೀವಿ ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಬೀಜಕ್ಕೆ ಅಂಟಿನ ಲೇಪವಿರುವುದರಿಂದ ಅದು ಹಿಕ್ಕೆಯೊಡನೆ ಸುಲಭವಾಗಿ ಉದುರದು; ಹಕ್ಕಿ ತನ್ನ ಹಿಂಭಾಗವನ್ನು ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳಬೇಕು. ಬದನಿಕೆಗೆ ಬೇಕಾದುದೂ ಅಷ್ಟೆ, ಬಿತ್ತನೆ ಮುಗಿಯಿತು! ಕೊಂಕಣದಲ್ಲಿ ಈ ವ್ಯವಹಾರವನ್ನು ಗಮನಿಸಿದ ಸಲೀಂ ಅಲಿಯವರು 1931ರಷ್ಟು ಹಿಂದೆಯೇ ಅದರ ಬಗ್ಗೆ ಬರೆದಿದ್ದರು.

ಬದನಿಕೆ ಹೆಚ್ಚಿದರೆ ಮಾವಿನ ಕೊಂಬೆ ಸೊರಗುತ್ತದೆ. ಅದನ್ನು ಕಡಿಯುವ ರೈತನನ್ನು ದೂರಲಾರೆ. ನಾನೂ ಒಮ್ಮೆ ಎಲ್ಲವನ್ನೂ ಕಡಿಸಿದವನೇ. ಮರುವರ್ಷ ತೋಟದ ಆ ಮೂಲೆಯಲ್ಲಿ ಬದನಿಕೆ ಹಕ್ಕಿಯ ಚಿಕ್‌ಚಿಕ್ ಕೇಳಲಿಲ್ಲ. ತೆಂಗಿನ ಮೇಲಂತೂ ಬದನಿಕೆಯನ್ನು ನಾನು ಕಂಡಿಲ್ಲ. ಆದ್ದರಿಂದ ಬೇಲಿಯ ಮುದಿ ಹೊಂಗೆಯಲ್ಲಿ ಮತ್ತೆ ಚಿಗುರಿದ ಎರಡು ಪೊದೆಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಮಾವಿನ ಮೇಲಿನದನ್ನು ಮಾತ್ರ ಈಗಲೂ ಕಡಿಸುತ್ತೇನೆ.