ಲಂಡನ್ನಿನ ಸದ್ದಿಲ್ಲದ ಕೇರಿಗಳಲ್ಲಿ ಕೊಡಗು

ಮಡಿಕೇರಿಯ ಗದ್ದಿಗೆಯಲ್ಲಿ ದೊಡ್ಡವೀರರಾಜೇಂದ್ರನ ಸಮಾಧಿಯಿದೆ, ಪಕ್ಕದಲ್ಲೇ ಲಿಂಗರಾಜೇಂದ್ರನದೂ ಇದೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಮಾತ್ರ ಅಲ್ಲಿಲ್ಲ. 1859ರಲ್ಲಿ ಅವನನ್ನು ಮಣ್ಣು ಮಾಡಿದ್ದು ಲಂಡನ್ನಿನಲ್ಲಿ. ಐದು ವರ್ಷಗಳ ನಂತರ ಮಗಳು ಗೌರಮ್ಮನನ್ನೂ ಅದೇ ಊರಿನ ಇನ್ನೊಂದು ಮಗ್ಗುಲಲ್ಲಿ ಮಣ್ಣು ಮಾಡಿದರು. ಓದಲೆಂದೋ, ಮಕ್ಕಳ ಮನೆಗೆಂದೋ ಲಂಡನ್ನಿಗೆ ಹೋಗುವ ಕೊಡಗಿನವರು ಅರಮನೆ, ಗಡಿಯಾರ ಗೋಪುರಗಳ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಒಂದು ದಿನವನ್ನು ಈ ಎರಡು ರುದ್ರಭೂಮಿಗಳಿಗೆ ಕೊಡಬಹುದು. ಎರಡು ಕಡೆಯೂ ಟಿಕೆಟ್ ಇಲ್ಲ, ನೂಕುನುಗ್ಗಲೂ ಇಲ್ಲ.

ಮೊದಲಿಗೆ ಅರಸನನ್ನು ಮಣ್ಣು ಮಾಡಿದ ಕೆನ್ಸಲ್ ಗ್ರೀನ್. ವಾರ್ವಿಕ್ ಅವೆನ್ಯೂ ನಿಲ್ದಾಣದ ಬಳಿಯ ಲಿಟ್ಲ್ ವೆನಿಸ್‌ನಿಂದ ಕಾಲುವೆಯ ದಂಡೆ ಹಿಡಿದು ಪಶ್ಚಿಮಕ್ಕೆ ನಡೆಯಿರಿ. ಜನ ಸಂಸಾರ ಹೂಡಿರುವ ಉದ್ದನೆಯ ದೋಣಿಗಳು ದಾರಿಯುದ್ದಕ್ಕೂ ಸಿಗುತ್ತವೆ. ಲ್ಯಾಡ್‌ಬ್ರೋಕ್ ಗ್ರೋವ್ ಸೇತುವೆಯಲ್ಲಿ ಮೇಲೆ ಹತ್ತಿ ಉತ್ತರಕ್ಕೆ ಹೋದರೆ ಹ್ಯಾರೋ ರಸ್ತೆ, ಅಲ್ಲೇ ರುದ್ರಭೂಮಿಯ ಹೆಬ್ಬಾಗಿಲು. ನಡೆಯಲಾಗದವರಿಗೆ 18ನೇ ನಂಬರಿನ ಬಸ್ಸಿದೆ. ಲಂಡನ್ ಬಸ್ಸಿನಲ್ಲಿ ನಗದು ನಡೆಯುವುದಿಲ್ಲ, ಕಾರ್ಡ್ ತೋರಿಸಬೇಕು. ಒಮ್ಮೆ ತೋರಿಸಿದ ಮೇಲೆ ಒಂದು ಗಂಟೆಯೊಳಗೆ ಬೇರೆ ಬಸ್ ಹತ್ತಿದರೂ ಮತ್ತೆ ಹಣ ಕಡಿತವಾಗುವುದಿಲ್ಲ.

1833ರಲ್ಲಿ ತೆರೆದ ಈ ರುದ್ರಭೂಮಿಯಲ್ಲಿ ಎಂಜಿನಿಯರ್ ಬ್ರುನೆಲ್, ಕಾದಂಬರಿಕಾರ ಥ್ಯಾಕರೆ ಇದ್ದಾರೆ. ರವೀಂದ್ರನಾಥ ಠಾಕೂರರ ಅಜ್ಜ ದ್ವಾರಕಾನಾಥರನ್ನು 1846ರಲ್ಲಿ ಮಣ್ಣು ಮಾಡಿದ್ದೂ ಇಲ್ಲೇ. ಗದ್ದಿಗೆಯಂಥ ಗುಮ್ಮಟ ಕಾಣುತ್ತದೆಂದು ಹೋಗಬೇಡಿ. ಗದ್ದುಗೆ ಕಳೆದುಕೊಂಡು ಬಂದವನಿಗೆ ಅದನ್ನು ಕಟ್ಟಿಸುವವರು ಯಾರಿದ್ದರು? 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡು ರಾಜನನ್ನು ಕಾಶಿಗೆ ಕಳಿಸಿತು. ಕಂಪನಿಯಿಂದ ತನಗೆ ಬರಬೇಕಾದ ಹಣ ಕೇಳಲು 1852ರಲ್ಲಿ ಅವನು ಇಂಗ್ಲೆಂಡಿಗೆ ಬಂದ. ಹಣ ಕೈಸೇರುವ ಮೊದಲೇ ತೀರಿಕೊಂಡ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿ ಓದಿಕೊಂಡು ಹೋದವರಿಗೆ ಈ ನೆಲ ಹೆಚ್ಚು ಮಾತಾಡುತ್ತದೆ.

ಮಗಳ ಸಮಾಧಿ ಇರುವುದು ಬ್ರಾಂಪ್ಟನ್‌ನಲ್ಲಿ. ವೆಸ್ಟ್ ಬ್ರಾಂಪ್ಟನ್ ನಿಲ್ದಾಣದಲ್ಲಿ ಇಳಿದರೆ ನಾಲ್ಕು ಹೆಜ್ಜೆ. 1840ರಲ್ಲಿ ತೆರೆದ ಈ ಜಾಗ ಇಂದು ರಾಜಮನೆತನದ ಉದ್ಯಾನಗಳ ಆಡಳಿತಕ್ಕೆ ಸೇರಿದೆ. ಸುತ್ತಲಿನ ಮನೆಗಳವರಿಗೆ ಇದು ಬೆಳಗಿನ ವಾಕಿಂಗ್ ದಾರಿಯೂ ಹೌದು. ನಡುವೆ ನೇರವಾದ ಸಾಲುಮರದ ದಾರಿ, ಅದರ ತುದಿಯಲ್ಲಿ ಗುಮ್ಮಟದ ಪ್ರಾರ್ಥನಾ ಮಂದಿರ, ಇಕ್ಕೆಲಗಳಲ್ಲಿ ಕಂಬಸಾಲು.

ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಅಪ್ಪನ ಜೊತೆ ಬಂದ ಹನ್ನೊಂದರ ಆಸುಪಾಸಿನ ಹುಡುಗಿಗೆ 1852ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನವಾಯಿತು. ಧರ್ಮಮಾತೆಯಾಗಿ ನಿಂತವಳು ರಾಣಿ ವಿಕ್ಟೋರಿಯಾ, ಇಟ್ಟ ಹೆಸರೂ ವಿಕ್ಟೋರಿಯಾ. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಪಂಜಾಬಿನ ದುಲೀಪ್ ಸಿಂಗನಿಗೆ ಅವಳನ್ನು ಕೊಡಬೇಕೆಂಬ ರಾಣಿಯ ಆಸೆ ಕೈಗೂಡಲಿಲ್ಲ. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ಒಂದು ಹೆಣ್ಣು ಮಗುವಾಯಿತು. 1864ರಲ್ಲಿ, ಇಪ್ಪತ್ಮೂರು ತುಂಬುವ ಮೊದಲೇ ತೀರಿಹೋದಳು. ಸಮಾಧಿ ಎಲ್ಲಿದೆಯೆಂದು ಹೋಗುವ ಮುಂಚೆ ಕೇಳಿ ತಿಳಿದುಕೊಳ್ಳಿ; ಕಲ್ಲುಗಳ ಸಾಲಿನಲ್ಲಿ ಹುಡುಕಹೊರಟರೆ ಹೊತ್ತು ಮುಳುಗೀತು.

ಫುಲ್‌ಹ್ಯಾಮ್ ರಸ್ತೆಯ ಬಾಗಿಲಿನಿಂದ ಹೊರಬಂದು 14ನೇ ನಂಬರಿನ ಬಸ್ ಹತ್ತಿದರೆ ಸೌತ್ ಕೆನ್ಸಿಂಗ್ಟನ್. ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೂ ಪ್ರವೇಶ ಉಚಿತ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ದೋಚಿದ ಟಿಪ್ಪುವಿನ ಮರದ ಹುಲಿ ಈ ಮ್ಯೂಸಿಯಂನದು; ಈಗ ಯಾವ ಕೋಣೆಯಲ್ಲಿದೆಯೆಂದು ಬಾಗಿಲಲ್ಲೇ ವಿಚಾರಿಸಿ. ಮಡಿಕೇರಿಯನ್ನು ಗೆದ್ದು ಜಾಫರಾಬಾದ್ ಎಂದು ಕರೆದವನು ಟಿಪ್ಪು. ಅವನನ್ನು ಮಣಿಸಲು ಕಂಪನಿಯ ಜೊತೆ ಸೇರಿದವನು ದೊಡ್ಡವೀರರಾಜೇಂದ್ರ. ಟಿಪ್ಪು ಮಡಿದ ಮೂವತ್ತೈದೇ ವರ್ಷಕ್ಕೆ ಅದೇ ಕಂಪನಿ ಕೊಡಗಿನ ಗದ್ದುಗೆಯನ್ನೂ ನುಂಗಿತು. ಹಗೆ ಸಾಧಿಸಿದ ಎರಡು ಮನೆತನಗಳ ಕಥೆ ಎಲ್ಲಿಗೆ ಬಂದು ಮುಟ್ಟಿತೆಂದು ನೋಡಲು ಇಲ್ಲಿ ಬಸ್ ಚಾರ್ಜಿನಷ್ಟೇ ಖರ್ಚು.