ಓದುಗರೂ ಗ್ರಂಥಪಾಲರೂ

ಪುಸ್ತಕಭಂಡಾರಕ್ಕೆ ಬರುವವರೆಲ್ಲರೂ ತಮಗೆ ಬೇಕಾದುದನ್ನೇ ಕೇಳುತ್ತಾರೆಂದು ನಾವು ಭಾವಿಸುವುದುಂಟು. ವಾಸ್ತವವಾಗಿ ಹಾಗಿಲ್ಲ. ‘ಮಕ್ಕಳ ಆರೋಗ್ಯದ ಪುಸ್ತಕವಿದೆಯೇ?’ ಎಂದು ತಾಯಿಯೊಬ್ಬರು ವಿಚಾರಿಸಿದರೆನ್ನೋಣ. ಆಕೆಗೆ ಬೇಕಾಗಿರುವುದು ದಪ್ಪ ಗ್ರಂಥವಲ್ಲ. ಭೇದಿಯಾದ ಮಗುವಿಗೆ ಏನನ್ನು ಕೊಡಬಹುದು ಎಂಬ ಒಂದೆರಡು ಪುಟಗಳ ವಿಷಯ. ಸೌಜನ್ಯದಿಂದ ಎರಡು ಮಾತು ಕೇಳಿ ಇದನ್ನು ತಿಳಿದುಕೊಳ್ಳುವುದು ಗ್ರಂಥಪಾಲರ ವಿದ್ಯೆ. (ಮಗು ಬಹಳ ಬಳಲಿದ್ದರೆ ಪುಸ್ತಕವನ್ನು ಬದಿಗಿಟ್ಟು ವೈದ್ಯರಲ್ಲಿಗೆ ಕಳುಹಿಸುವುದೂ ಆ ವಿದ್ಯೆಗೆ ಸೇರಿದ್ದೇ.)

ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಅವರು ಈ ವೃತ್ತಿಗೆ ಶಾಸ್ತ್ರದ ರೂಪವನ್ನು ಕೊಟ್ಟರು. ಪುಸ್ತಕವಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಓದುಗನ ವೇಳೆ ಉಳಿಯಬೇಕು ಎಂಬಿವು 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಸೇರಿವೆ. ಐದನೆಯ ಸೂತ್ರದಂತೆ ಗ್ರಂಥಾಲಯವು ಬೆಳೆಯುವ ಜೀವಿ. ಜೀವಿಯೆಂದ ಮೇಲೆ ಸೇವನೆಯಿರುವಂತೆ ವಿಸರ್ಜನೆಯೂ ಇರಬೇಕಷ್ಟೆ!

ಭೇದಿಯ ವಿಷಯವನ್ನೇ ನೋಡೋಣ. ಕರುಳಿಗೆ ವಿಶ್ರಾಂತಿ ಬೇಕೆಂದು ಮಗುವಿಗೆ ಆಹಾರವನ್ನು ನಿಲ್ಲಿಸುವ ಪದ್ಧತಿ ಹಿಂದೆ ವೈದ್ಯರಲ್ಲಿಯೂ ಇತ್ತು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ನಿರಾಶ್ರಿತರ ನಡುವೆ ಕಾಲರಾ ಹರಡಿದಾಗ, ಡಾ. ದಿಲೀಪ್ ಮಹಲನಬೀಸರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಬಹುಮಂದಿಯ ಪ್ರಾಣವನ್ನುಳಿಸಿದರು. ಕರುಳಿನ ಗೋಡೆಯ ಮೂಲಕ ಗ್ಲೂಕೋಸು ಸೋಡಿಯಮ್ಮನ್ನು ತನ್ನೊಡನೆ ಒಳಕ್ಕೆ ಒಯ್ಯುತ್ತದೆ. ಅವುಗಳ ಹಿಂದೆಯೇ ನೀರೂ ಸೇರುತ್ತದೆ. ಈ ದ್ರಾವಣದ ಜೊತೆಗೆ ಎದೆಹಾಲನ್ನಾಗಲಿ ಆಹಾರವನ್ನಾಗಲಿ ನಿಲ್ಲಿಸಬಾರದೆಂಬುದು ಇಂದಿನ ವೈದ್ಯರ ಮತ. ಹೀಗಿರುವಾಗ ಉಪವಾಸವನ್ನು ವಿಧಿಸುವ ಹಳೆಯ ಪುಸ್ತಕವು ಗಟ್ಟಿಯಾದ ರಟ್ಟಿನೊಡನೆ ಕಪಾಟಿನಲ್ಲಿ ಕುಳಿತಿದ್ದರೆ ಅದರಿಂದ ಒದಗುವ ಹಾನಿ ಸಾಮಾನ್ಯವಲ್ಲ. ಚರಿತ್ರೆಯನ್ನು ಅಭ್ಯಸಿಸುವವರಿಗಾಗಿ ಅದು ಒಳಕೋಣೆಯಲ್ಲಿರಲಿ. ತಾಯಂದಿರ ಕೈಗೆ ಬೇಡ. ಮುದ್ರಣದ ವರ್ಷವನ್ನು ನೋಡದೆ ವಿಜ್ಞಾನಗ್ರಂಥಗಳನ್ನು ಆರಿಸಲಾಗದು.

ರಂಗನಾಥನ್ ಅವರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅವರು ಅಲ್ಲಿ ಗ್ರಂಥಪಾಲರ ಉನ್ನತ ಶಿಕ್ಷಣಕ್ಕಾಗಿ ಕೇಂದ್ರವೊಂದನ್ನು ಸ್ಥಾಪಿಸಿದರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರದು. ಆಸ್ತಿ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ನಾವು ತೆರುತ್ತಿದ್ದೇವೆ. ಆ ಹಣದಿಂದ ಯಾವ ಪುಸ್ತಕವನ್ನು ಕೊಳ್ಳಬೇಕೆಂಬುದರಲ್ಲಿ, ಓದುಗರ ಪ್ರಶ್ನೆಗಳನ್ನು ದಿನವೂ ಕೇಳುವ ಗ್ರಂಥಪಾಲರ ಮಾತಿಗೆ ಮೊದಲ ಬೆಲೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಕೇಳಿದರೂ ದೊರೆಯದ ವಿಷಯಗಳನ್ನು ಅವರು ಒಂದು ಪುಸ್ತಕದಲ್ಲಿ ಬರೆದಿಡುತ್ತ ಬಂದರೆ, ಮುಂದಿನ ಖರೀದಿಗೆ ಅದಕ್ಕಿಂತ ಒಳ್ಳೆಯ ಪಟ್ಟಿ ಬೇರೆ ಬೇಕಿಲ್ಲ.