ಮೊಟ್ಟೆಗಳ್ಳನೆಂಬ ಅಪವಾದ

ಅಮೆರಿಕದ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯದವರು ಮಂಗೋಲಿಯದ ಗೋಬಿ ಮರುಭೂಮಿಗೆ ಕಳುಹಿಸಿದ ಶೋಧಕಮಂಡಲಿಗೆ 1923ನೆಯ ಇಸವಿಯಲ್ಲಿ ಕಲ್ಲಾಗಿದ್ದ ಮೊಟ್ಟೆಗಳ ಗೂಡೊಂದು ದೊರೆಯಿತು. ಸುಮಾರು 7.5 ಕೋಟಿ ವರ್ಷಗಳ ಹಿಂದೆ ಮರಳಿನಲ್ಲಿ ಹೂತುಹೋದ ಗೂಡು ಅದು. ಅದರ ಮೇಲೆ ಕೇವಲ ನಾಲ್ಕು ಅಂಗುಲ ಮರಳಿನ ಅಂತರದಲ್ಲಿ ಬೇರೊಂದು ಪ್ರಾಣಿಯ ತಲೆಬುರುಡೆಯೂ ಕೆಲವು ಎಲುಬುಗಳೂ ಇದ್ದವು. ಬಾಯಲ್ಲಿ ಹಲ್ಲಿಲ್ಲ, ಗಿಣಿಯ ಕೊಕ್ಕನ್ನು ಹೋಲುವ ದವಡೆ. ಆ ಪ್ರದೇಶದಲ್ಲಿ ಪ್ರೊಟೊಸೆರಟಾಪ್ಸ್ ಎಂಬ ಸಸ್ಯಾಹಾರಿ ಡೈನೊಸಾರಿನ ಅಸ್ಥಿಗಳು ಹೇರಳವಾಗಿ ಸಿಕ್ಕಿದ್ದುದರಿಂದ ಮೊಟ್ಟೆಗಳೂ ಅದರವೇ ಎಂದು ಪಂಡಿತರು ಗ್ರಹಿಸಿದರು. ಹಾಗಾದರೆ ಪರರ ಗೂಡಿನ ಮೇಲೆ ಈ ಕೊಕ್ಕಿನ ಪ್ರಾಣಿಗೆ ಏನು ಕೆಲಸ? ಕದಿಯಲು ಬಂದು ಮರಳಿನ ಬಿರುಗಾಳಿಗೆ ಸಿಕ್ಕಿ ಸತ್ತಿರಬೇಕು! 1924ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್‌ಬರ್ನ್ ಎಂಬ ವಿದ್ವಾಂಸರು ಅದಕ್ಕೆ ‘ಓವಿರ‍್ಯಾಪ್ಟರ್’, ಎಂದರೆ ಮೊಟ್ಟೆಗಳ್ಳ, ಎಂದು ನಾಮಕರಣ ಮಾಡಿದರು.

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವನ ಪಾಡು ನಮ್ಮ ವಾಚಕರಿಗೆ ತಿಳಿಯದುದಲ್ಲ. ಆಸ್‌ಬರ್ನರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಈ ಹೆಸರು ಪ್ರಾಣಿಯ ಆಹಾರದ ವಿಷಯದಲ್ಲಿ ನಮ್ಮನ್ನು ಪೂರ್ತಿ ದಾರಿತಪ್ಪಿಸಲೂಬಹುದು, ಅದರ ಶೀಲಕ್ಕೆ ಅನ್ಯಾಯ ಮಾಡಲೂಬಹುದು ಎಂದು ಅವರೇ ಅದೇ ಲೇಖನದಲ್ಲಿ ಎಚ್ಚರಿಸಿದ್ದರು. ಆದರೆ ಲೋಕವು ಹೆಸರನ್ನು ಓದುವುದು, ಎಚ್ಚರಿಕೆಯನ್ನು ಓದುವುದಿಲ್ಲ. ಮುಂದಿನ 70 ವರ್ಷಗಳ ಕಾಲ ಚಿತ್ರಕಾರರು ಈ ಪ್ರಾಣಿಯನ್ನು ಬರೆದಾಗಲೆಲ್ಲ ಮೊಟ್ಟೆಯನ್ನು ಕಚ್ಚಿ ಓಡುವ ಕಳ್ಳನನ್ನಾಗಿಯೇ ಬರೆದರು.

ಎಲುಬುಗಳಿಂದ ಪ್ರಾಣಿಯನ್ನು ಕಟ್ಟುವವರು ಇಂತಹ ಎಡವಟ್ಟಿಗೆ ಸಿಕ್ಕಿದ್ದು ಅದೇ ಮೊದಲಲ್ಲ. ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ 1825ರಲ್ಲಿ ಇಗ್ವಾನೊಡಾನ್ ಎಂದು ಹೆಸರಿಟ್ಟ ಪ್ರಾಣಿಗೆ, ಸಿಕ್ಕಿದ ಒಂದು ಮೊನಚಾದ ಎಲುಬನ್ನು ಮೂಗಿನ ಮೇಲೆ ಕೊಂಬಾಗಿ ಕೂರಿಸಲಾಯಿತು. 1878ರಲ್ಲಿ ಬೆಲ್ಜಿಯಮಿನ ಬೆರ್ನಿಸ್ಸಾರ್ ಕಲ್ಲಿದ್ದಲ ಗಣಿಯಲ್ಲಿ ಇಡೀ ಅಸ್ಥಿಪಂಜರಗಳು ಹೊರಬಿದ್ದ ಮೇಲೆ ಅದು ಕೊಂಬಲ್ಲ, ಹೆಬ್ಬೆರಳಿನ ಮೊನೆ ಎಂದು ತಿಳಿದುಬಂದಿತು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ 1854ರಲ್ಲಿ ನಿಲ್ಲಿಸಿದ ಪ್ರತಿಮೆಯು ಇಂದಿಗೂ ಹೆಬ್ಬೆರಳನ್ನು ಮೂಗಿನ ಮೇಲೆ ಹೊತ್ತು ನಿಂತಿರುವುದು. ಅದು ಅಂಗವನ್ನು ಸ್ಥಳ ತಪ್ಪಿಸಿದ ದೋಷ, ನಕ್ಕು ತಿದ್ದಿಕೊಳ್ಳಬಹುದು. ಗೋಬಿಯ ಪ್ರಾಣಿಗೆ ಹೊರಿಸಿದುದು ಶೀಲದ ದೋಷ.

1993ರಲ್ಲಿ ಮಾರ್ಕ್ ನೊರೆಲ್ ಮತ್ತು ಸಂಗಡಿಗರು ಅದೇ ಗೋಬಿಯ ಉಖಾ ತೋಲ್ಗೋದ್ ಎಂಬಲ್ಲಿ, ಹಿಂದೆ ಪ್ರೊಟೊಸೆರಟಾಪ್ಸ್‌ನದೆಂದು ನಂಬಿದ್ದ ಜಾತಿಯದೇ ಒಂದು ಮೊಟ್ಟೆಯನ್ನು ಕಂಡರು. ಅದು ಒಡೆದಿತ್ತು; ಒಳಗೆ ಭ್ರೂಣದ ಸೂಕ್ಷ್ಮವಾದ ಎಲುಬುಗಳಿದ್ದವು. ಆ ಭ್ರೂಣ ಪ್ರೊಟೊಸೆರಟಾಪ್ಸ್‌ನದಾಗಿರಲಿಲ್ಲ. ಅದು ಕಳ್ಳನ ಕುಲದ ಶಿಶುವಾಗಿತ್ತು! ಸಾಲದುದಕ್ಕೆ ಆ ಕುಲದ್ದೇ ಒಂದು ದೊಡ್ಡ ಪ್ರಾಣಿ ಮೊಟ್ಟೆಗಳ ವರ್ತುಲದ ನಡುವೆ ಕುಳಿತಂತೆಯೇ ಕಲ್ಲಾಗಿ ಸಿಕ್ಕಿತು. ಕಾಲುಗಳನ್ನು ಮಡಿಸಿಕೊಂಡು, ಎರಡು ತೋಳುಗಳನ್ನೂ ಗೂಡಿನ ಅಂಚಿನುದ್ದಕ್ಕೂ ಚಾಚಿದ್ದ ಆ ಭಂಗಿಯು ಕಾವು ಕೂತ ಕೋಳಿಯನ್ನು ಕಂಡ ಯಾವ ಗೃಹಿಣಿಗೂ ಕೂಡಲೇ ಅರ್ಥವಾಗುವಂತಹುದು. 1995ರಲ್ಲಿ ಇದರ ವರ್ಣನೆ ಪ್ರಕಟವಾಯಿತು. ಇಂತಹ ಪ್ರಾಣಿಗೆ 2001ರಲ್ಲಿ ಇಟ್ಟ ಹೆಸರು ‘ಚಿತಿಪತಿ’. ಸಂಸ್ಕೃತದ ಚಿತಿ, ಪತಿ ಎಂಬ ಶಬ್ದಗಳಿಂದ ಆದುದು. ಟಿಬೆಟಿನ ಬೌದ್ಧ ಪರಂಪರೆಯಲ್ಲಿ ಶ್ಮಶಾನಪಾಲಕರಾದ ಅಸ್ಥಿರೂಪಿಗಳ ಹೆಸರು. ಮೊಟ್ಟೆಗಳ್ಳನಿಗಿಂತ ಎಷ್ಟೋ ಮರ್ಯಾದೆಯ ಹೆಸರೆನ್ನಬೇಕು.

ಆ ಪ್ರಾಣಿಯನ್ನು ಈಗ ನಾವು ಹೇಗೆ ಕಲ್ಪಿಸಿಕೊಳ್ಳಬೇಕು? ಹುರುಪೆಯ ಚರ್ಮದ ದೈತ್ಯ ಹಲ್ಲಿಯಾಗಿ ಖಂಡಿತ ಅಲ್ಲ. ಚೀನಾ ದೇಶದಲ್ಲಿ ಅದರ ಬಂಧುವರ್ಗಕ್ಕೆ ಸೇರಿದ ಕಾಡಿಪ್ಟೆರಿಕ್ಸ್ ಎಂಬ ಪ್ರಾಣಿ ತೋಳಿನಲ್ಲಿಯೂ ಬಾಲದಲ್ಲಿಯೂ ಗರಿಗಳ ಅಚ್ಚಿನೊಡನೆ ದೊರೆತು 1998ರಲ್ಲಿ ವರ್ಣಿತವಾಗಿದೆ. ಆದುದರಿಂದ ಗೂಡಿನ ಮೇಲೆ ಚಾಚಿದ ಆ ತೋಳುಗಳೂ ಗರಿಗಳಿಂದ ಕೂಡಿ ಮೊಟ್ಟೆಗಳನ್ನು ಮುಚ್ಚಿದ್ದವೆಂದು ಊಹಿಸುವುದು ನ್ಯಾಯವೇ. 2010ರಲ್ಲಂತೂ ಸೈನೊಸಾರೊಪ್ಟೆರಿಕ್ಸ್ ಎಂಬ ಇನ್ನೊಂದು ಡೈನೊಸಾರಿನ ಗರಿಗಳಲ್ಲಿ ಉಳಿದಿದ್ದ ವರ್ಣಕಣಗಳ ಆಕಾರವನ್ನು ನೋಡಿ, ಅದರ ಬಾಲದಲ್ಲಿ ಕೆಂಗಂದು ಮತ್ತು ಬಿಳಿಯ ಪಟ್ಟೆಗಳಿದ್ದುವೆಂದು ಹೇಳಲಾಯಿತು. ಚಲಚ್ಚಿತ್ರಗಳಲ್ಲಿ ಇವು ಇನ್ನೂ ಬೋಳುಮೈಯಿಂದಲೇ ಓಡಾಡಿ ಗರ್ಜಿಸುತ್ತಿರುವುವು. ಆ ಗರ್ಜನೆಗೆ ಯಾವ ಎಲುಬು ಸಾಕ್ಷಿ ಹೇಳಿದೆಯೋ ಚಿತ್ರ ತೆಗೆದವರೇ ಬಲ್ಲರು.

ಆದರೆ ಈಗಿನ ಕಲ್ಪನೆಯಲ್ಲಿಯೂ ಒಂದು ಅವಸರವಿದೆ. ಕಳ್ಳನ ಪಟ್ಟವನ್ನು ಕಿತ್ತೊಡನೆಯೇ ಜನರು ಅದಕ್ಕೆ ಮಾತೃತ್ವದ ಕಿರೀಟವನ್ನು ತೊಡಿಸಿರುವರು. ಗೂಡಿನ ಮೇಲೆ ಕುಳಿತುದು ತಾಯಿಯೇ ಎಂದು ಹೇಳಿದವರಾರು? ಉಷ್ಟ್ರಪಕ್ಷಿಯಲ್ಲಿ ಗಂಡೂ ಕಾವು ಕೂರುವುದು. ದೇಹದ ತೂಕಕ್ಕೆ ಹೋಲಿಸಿದರೆ ಮೊಟ್ಟೆಗಳ ಒಟ್ಟು ಗಾತ್ರವು ಇಷ್ಟು ದೊಡ್ಡದಾಗಿರುವುದರಿಂದ ಇಲ್ಲಿಯೂ ತಂದೆಯೇ ಕುಳಿತಿರಬೇಕೆಂದು 2008ರಲ್ಲಿ ಕೆಲವು ವಿದ್ವಾಂಸರು ವಾದಿಸಿರುವರು. ಆ ವಾದವನ್ನು ಒಪ್ಪದವರೂ ಇರುವರು. ಅಪವಾದವಾಗಲಿ ಪ್ರಶಂಸೆಯಾಗಲಿ, ಎಲುಬು ಹೇಳಿದುದಕ್ಕಿಂತ ಹೆಚ್ಚಾಗಿ ನಾವು ಹೇಳಿದರೆ ಅದು ನಮ್ಮ ಮನಸ್ಸಿನ ಚಿತ್ರವೇ ಹೊರತು ಪ್ರಾಣಿಯ ಚಿತ್ರವಲ್ಲ.

ಗೂಡಿನ ಹತ್ತಿರ ಸಿಕ್ಕಿದವರೆಲ್ಲ ನಿರಪರಾಧಿಗಳೆಂದೂ ಇದರಿಂದ ತಿಳಿಯಬಾರದು. ನಮ್ಮ ದೇಶದಲ್ಲಿಯೇ ಇದಕ್ಕೆ ಪ್ರತಿಯಾದ ಒಂದು ಪ್ರಕರಣವಿರುವುದು. ಗುಜರಾತಿನ ಧೋಲಿ ಡುಂಗ್ರಿಯಲ್ಲಿ 1980ರ ದಶಕದಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆಯವರು ಡೈನೊಸಾರ್ ಗೂಡೊಂದನ್ನು ಪತ್ತೆಹಚ್ಚಿದರು. ಮೊಟ್ಟೆಗಳ ಪಕ್ಕದ ಎಲುಬುಗಳೆಲ್ಲವೂ ಮರಿಯವೇ ಎಂದು ಮೊದಲು ಭಾವಿಸಿದ್ದರು. ಅವುಗಳಲ್ಲಿ ಕೆಲವು ಹಾವಿನವೆಂದು ಮುಂದೆ ಅಮೆರಿಕದ ಜೆಫ್ರಿ ವಿಲ್ಸನ್ ಗುರುತಿಸಿದರು. ಸುಮಾರು 3.5 ಮೀಟರ್ ಉದ್ದದ ಹಾವು ಒಡೆದ ಮೊಟ್ಟೆಯನ್ನು ಸುತ್ತಿಕೊಂಡಿದ್ದಿತು. ಪಕ್ಕದಲ್ಲಿ ಸುಮಾರು ಅರ್ಧ ಮೀಟರ್ ಉದ್ದದ ಮರಿ. 2010ರಲ್ಲಿ ‘ಸನಾಜೆ ಇಂಡಿಕಸ್’ ಎಂಬ ಹೆಸರಿನಿಂದ ಇದು ಪ್ರಕಟವಾಯಿತು. ಇಲ್ಲಿ ತೀರ್ಪು ಕೊಟ್ಟ ರೀತಿ ಗಮನಾರ್ಹವಾದುದು. ಸಾಮೀಪ್ಯವೊಂದನ್ನೇ ನಂಬಲಿಲ್ಲ, ಅದೇ ಸ್ಥಳದಲ್ಲಿ ಹಾವಿನ ಅಸ್ಥಿಗಳು ಮೊಟ್ಟೆಗಳೊಡನೆ ಮತ್ತೆಯೂ ದೊರೆತುದನ್ನು ನೋಡಿದರು, ದವಡೆಯನ್ನು ಪರೀಕ್ಷಿಸಿದರು. ಇಡೀ ಮೊಟ್ಟೆಯನ್ನು ನುಂಗುವಷ್ಟು ಆ ಬಾಯಿ ಅಗಲಿಸದು. ಆದುದರಿಂದ ಅದು ಆಗತಾನೆ ಹೊರಬಂದ ಮರಿಗಳನ್ನು ಹಿಡಿಯುತ್ತಿದ್ದಿರಬೇಕೆಂದು ಅಷ್ಟಕ್ಕೇ ನಿಲ್ಲಿಸಿದರು.

ಗೋಬಿಯ ಮೊದಲ ಆರೋಪಿಗೆ ಮಾತ್ರ ಪೂರ್ಣ ಬಿಡುಗಡೆ ದೊರೆತಿಲ್ಲ. ಪ್ರಾಣಿಶಾಸ್ತ್ರದ ನಾಮಕರಣ ನಿಯಮದಂತೆ ಮೊದಲು ಇಟ್ಟ ಹೆಸರು, ಅದರ ಅರ್ಥ ಸುಳ್ಳಾಯಿತೆಂಬ ಕಾರಣಕ್ಕೆ, ಬದಲಾಗುವಂತಿಲ್ಲ. ಆ ಬುರುಡೆಯು ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಓವಿರ‍್ಯಾಪ್ಟರ್ ಎಂದೇ ದಾಖಲಾಗಿರುವುದು.